ಧಾಬಳಿಗೆ ಕತ್ತರಿ

ಏಪ್ರಿಲ್ ತಿಂಗಳ ಹೈದರಾಬಾದಿನಲ್ಲಿ ನಿಂತು ಹಿಮದ ಚಳಿಗೆ ಬಟ್ಟೆ ಆರಿಸುವುದು ಎಂಥ ಹುಚ್ಚಾಟ ಎಂಬುದು ಆರಿಸಿದವರಿಗೇ ಗೊತ್ತು. ಬೇಗಂಪೇಟೆಯ ನನ್ನ ಆಫೀಸಿನ ಹಿಂದಿನ ಓಣಿಯಲ್ಲಿ ಗುಡ್ಡ ಹತ್ತುವವರ ಸಾಮಾನು ಮಾರುವ, ಬಾಡಿಗೆಗೂ ಕೊಡುವ ಅಂಗಡಿ ಒಂದಿದೆ. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುತ್ತಿತ್ತು. ಒಳಗೆ ನಾನು ಸೀರೆಯ ಮೇಲೆ ದಪ್ಪ ಕೆಂಪು ಜಾಕೆಟ್ ತೊಟ್ಟು, ಕತ್ತಿನವರೆಗೂ ಜಿಪ್ ಎಳೆದುಕೊಂಡು, ಕನ್ನಡಿಯ ಮುಂದೆ ನಿಂತು ಧಾರಾಕಾರವಾಗಿ ಬೆವರುತ್ತಿದ್ದೆ. "ಮೈನಸ್ ಟೆನ್‌ಲೋ ಕೂಡಾ ಏಮೀ ಕಾದು ಮೇಡಂ" ಎಂದ ಅಂಗಡಿಯವ. ಮೈನಸ್ ಹತ್ತರಲ್ಲೂ ಏನೂ ಆಗುವುದಿಲ್ಲವಂತೆ. ಡಿಸೆಂಬರಿನ ಬೆಳಿಗ್ಗೆ ಕೊಂಚ ಗಾಳಿ ಬೀಸಿದರೆ ಮಫ್ಲರ್ ಸುತ್ತಿಕೊಂಡು ಹಾಲು ತರಲು ಹೋಗುವ ಜನ ನಾವು. ಮೈನಸ್ ಹತ್ತು ಎಂದರೆ ನನಗೆ ಏನು ತಿಳಿಯಬೇಕು? ಒಳಗೆ ಏನು ತುಂಬಿದ್ದಾರೆ ಎಂದು ಕೇಳಿದೆ. "ಡೌನ್ ಮೇಡಂ" ಎಂದ. ಎಲ್ಲ ಗೊತ್ತಿದ್ದವಳ ಹಾಗೆ ತಲೆಯಾಡಿಸಿ, ಜಾಕೆಟನ್ನು ಬಾಡಿಗೆಗೆ ತೆಗೆದುಕೊಂಡು ಬಂದೆ.

ಐವತ್ತನಾಲ್ಕರ ಹೆಂಗಸಿಗೆ ಈ ಉಸಾಬರಿ ಯಾಕೆ ಬೇಕಿತ್ತು ಎಂದರೆ, ಜನ ನಕ್ಕರು, ಅದಕ್ಕೆ. ನಮ್ಮದು ಕಾಚಿಗುಡದಲ್ಲಿ ಹಳೆಯ ಮನೆ. ಕಲಬುರಗಿ ಕಡೆಯ ನಮ್ಮ ಹಿರಿಯರು ಸರ್ಕಾರಿ ನೌಕರಿಗೆಂದು ಇಲ್ಲಿಗೆ ಬಂದವರು, ಇಲ್ಲೇ ಉಳಿದರು. ಮಹಡಿಯ ಕೋಣೆಯಲ್ಲಿ ಮೈಸೂರಿನ ಒಬ್ಬ ಹುಡುಗಿ ಬಾಡಿಗೆಗಿದ್ದಳು. ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ದಿನವೂ ಗಚ್ಚಿಬೌಲಿಯ ಐಟಿ ಕಂಪನಿಗೆ ಅಷ್ಟು ದೂರ ಓಡಾಡುತ್ತಿದ್ದಳು. ಹಿಂದಿನ ವರ್ಷ ಗೆಳೆಯರೊಡನೆ ಹಿಮಾಲಯಕ್ಕೆ ಹೋಗಿ ಬಂದು ನಮಗೆಲ್ಲ ಫೋಟೊ ತೋರಿಸಿದಳು. ಈ ವರ್ಷ ಜೂನಿನಲ್ಲಿ ಇನ್ನೂ ಎತ್ತರಕ್ಕೆ, ಎರಡು ಬೆಟ್ಟಗಳ ನಡುವಿನ ಹಿಮದ ಘಾಟಿಯನ್ನು ದಾಟುವ ದಾರಿಗೆ ಹೋಗುತ್ತಾರಂತೆ. "ನಾನೂ ಬರ್ತೀನಿ" ಎಂದೆ. ನನ್ನ ಯಜಮಾನರು ಕುಡಿಯುತ್ತಿದ್ದ ಚಹಾ ಮೂಗಿಗೆ ಏರಿತು. ಪಟಾನ್‌ಚೆರುವಿನ ಔಷಧ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನನ್ನನ್ನು ಕೆಣಕುವುದನ್ನೇ ಪೂರ್ಣಾವಧಿಯ ಕೆಲಸ ಮಾಡಿಕೊಂಡ ಮನುಷ್ಯ. ಕೆಮ್ಮು ನಿಂತ ಮೇಲೆ ನಕ್ಕರು. ಹುಡುಗಿಯೂ ನಕ್ಕಳು, ಪಾಪ, ಮರ್ಯಾದೆಗೆ ಬಾಯಿಗೆ ಕೈ ಅಡ್ಡ ಹಿಡಿದು.

ಆದರೆ ನಗುವಿನ ಹಿಂದೆ ಒಂದು ನಿಜವಾದ ಸಂಗತಿ ಇತ್ತು. ಮೊಣಕಾಲಿನ ಡಾಕ್ಟರು ಪರೀಕ್ಷೆ ಮಾಡಿ ಹೋಗಿ ಬನ್ನಿ ಎಂದರು, ಅದು ಒಂದು ಕಡೆ. ಗುಂಪನ್ನು ಕರೆದೊಯ್ಯುವವರದು ಮಾತ್ರ ಕಟ್ಟುನಿಟ್ಟಿನ ನಿಯಮ. ಬೆಟ್ಟದ ಬುಡದ ಹಳ್ಳಿಯಲ್ಲಿ ಗುಂಪಿನ ಮುಂದಾಳು ಪ್ರತಿಯೊಬ್ಬರ ಚೀಲ ಬಿಚ್ಚಿಸಿ ನೋಡುತ್ತಾನೆ. ಮೈಗೆ ಅಂಟುವ ಒಳಬಟ್ಟೆಯಿಂದ ಹಿಡಿದು ಮಳೆಯ ಕೋಟಿನವರೆಗೆ ಒಂದು ಸರಿಯಿಲ್ಲದಿದ್ದರೂ ಅವರು ಮೇಲೆ ಹತ್ತುವಂತಿಲ್ಲ. ಉಳಿದವರು ದಾಟಿ ಹೋಗುತ್ತಾರೆ, ಇವರು ಕೆಳಗೆ ಕೂತು ಚಹಾ ಕುಡಿಯಬೇಕು. "ನೀ ಅಲ್ಲೇ ಕೂತು ಎಲ್ಲಾರ ಚೀಲಾ ಕಾಯಾಕಿ ನೋಡು" ಎಂದರು ಯಜಮಾನರು. ಆ ಮಾತು ಹೋಗಿ ನೇರವಾಗಿ ಎದೆಗೆ ನಾಟಿತು. ಹುಟ್ಟಿದಾಗಿನಿಂದ ನಾನು ಎಲ್ಲಿಗೆ ಹೋದರೂ ಮಾಡಿದ್ದು ಅದನ್ನೇ. ತಿರುಪತಿಯಲ್ಲಿ, ಸಮುದ್ರದ ದಂಡೆಯಲ್ಲಿ, ಮದುವೆಮನೆಗಳಲ್ಲಿ, ಎಲ್ಲರೂ ನೋಡಲು ಹೋದಾಗ ಚೀಲಗಳ ಪಕ್ಕ ಕೂತವಳು ನಾನು. ಈ ಘಾಟಿಯನ್ನು ದಾಟಿಯೇ ಬರುತ್ತೇನೆ ಎಂದು ಅವತ್ತೇ ಪಟ್ಟು ಹಿಡಿದೆ.

ಮೊದಲು ಬೂಟು. ಹೊಸ ಬೂಟಿನಲ್ಲಿ ನೇರ ಬೆಟ್ಟಕ್ಕೆ ಹೋದರೆ ಕಾಲೆಲ್ಲ ಬೊಕ್ಕೆ ಏಳುತ್ತವೆ, ವಾರಗಟ್ಟಲೆ ತೊಟ್ಟು ಪಳಗಿಸಬೇಕು ಎಂದಿದ್ದಳು ಹುಡುಗಿ. ಮನೆಯಲ್ಲಿ ತೊಡುವ ಮಾತೇ ಇಲ್ಲ. ನಮ್ಮ ಹೊಸ್ತಿಲ ಒಳಗೆ ರಬ್ಬರಿನ ಚಪ್ಪಲಿ ಕೂಡ ಬಂದದ್ದಿಲ್ಲ, ಇನ್ನು ಆ ಮಣಭಾರದ ಬೂಟನ್ನು ಅತ್ತೆಯವರು ಬಿಟ್ಟಾರೆಯೇ? ಹೀಗಾಗಿ ಆಫೀಸಿಗೆ ತೊಟ್ಟೆ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಊಟದ ಡಬ್ಬಿ, ಕಾಲಲ್ಲಿ ಕಣಕಾಲು ಮುಚ್ಚುವ ಕಂದು ಬೂಟು. ಸಿಟಿ ಬಸ್ಸಿನ ಕಂಡಕ್ಟರಮ್ಮ ನನ್ನನ್ನು ಕೆಳಗಿನಿಂದ ಮೇಲೆ ನೋಡಿ, ಮೇಲಿನಿಂದ ಕೆಳಗೆ ನೋಡಿ, ಟಿಕೆಟ್ ಕೊಡುವುದನ್ನೇ ಮರೆತಳು. ಆಫೀಸಿನಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ. ನಾನು ಬರುವ ಸದ್ದು ಎರಡು ಮಹಡಿ ಮೊದಲೇ ಕೇಳುತ್ತಿತ್ತು. ಅದರಿಂದಾಗಿ ನನ್ನ ಕೈಕೆಳಗಿನವರು ಆ ತಿಂಗಳು ಎಂದೂ ಇಲ್ಲದಷ್ಟು ಶ್ರದ್ಧೆಯಿಂದ ಕೆಲಸ ಮಾಡಿದರು.

ಆ ಕೆಂಪು ಜಾಕೆಟಿನ ಕಥೆ ಬೇರೆ. ಬಾಡಿಗೆಯದು ಎಂದರೆ ಯಾರ‍್ಯಾರೋ ತೊಟ್ಟದ್ದು. ಯಾರ‍್ಯಾರೋ ತೊಟ್ಟದ್ದು ನಮ್ಮ ಮನೆಯೊಳಗೆ ತೊಳೆಯದೆ ಬರುವಂತಿಲ್ಲ. ಎಂಬತ್ತು ದಾಟಿದ ಅತ್ತೆಯವರು ಇವತ್ತಿಗೂ ಮಡಿಯಲ್ಲೇ ಅಡಿಗೆ, ಪೂಜೆ ಮಾಡುವವರು. ಅಂದರೆ ಸ್ನಾನ ಮಾಡಿ, ಶುದ್ಧವಾಗಿ ಒಣಗಿಸಿದ ಬಟ್ಟೆ ಉಟ್ಟು, ನೈವೇದ್ಯವಾಗುವ ತನಕ ಯಾರನ್ನೂ ಏನನ್ನೂ ಮುಟ್ಟದೆ ಇರುವುದು. ಅವರ ನೂಲಿನ ಸೀರೆ ದಿನವೂ ಒಗೆದು, ಮಾಳಿಗೆಯ ಮೇಲೆ ಎತ್ತರದ ಗಳಕ್ಕೆ ಕೋಲಿನಿಂದ ಹಾಕಿ ಒಣಗಿಸಬೇಕು. "ಯಾರ ಮೈಮ್ಯಾಲಿಂದೋ ಏನೋ, ಸೀಗೀಪುಡಿ ಹಾಕಿ ಬಿಸಿನೀರಾಗ ನೆನಿ ಇಡು" ಎಂದರು. ಇಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ ಜಾಕೆಟು ನೀರು ಕುಡಿದು ನನಗಿಂತ ಭಾರವಾಗಿತ್ತು, ಒಳಗಿನದೆಲ್ಲ ಗಂಟುಗಂಟಾಗಿತ್ತು. ಮಾಳಿಗೆಗೆ ಒಯ್ದು, ಗಂಟು ಬಿಡಲಿ ಎಂದು ಒಗೆಯುವ ಕಲ್ಲಿನ ಮೇಲೆ ನಾಲ್ಕು ಬಡಿದೆ. ಕಂಕುಳಲ್ಲಿ ಹೊಲಿಗೆ ಬಿಚ್ಚಿತು. ಆಗ ಏನೂ ಆಗಲಿಲ್ಲ. ಮಧ್ಯಾಹ್ನ ಬಿಸಿಲಿಗೆ ಒಣಗಿ ಗಾಳಿ ಬೀಸಿದ ಮೇಲೆ ಆ ಬಿರುಕಿನಿಂದ ಬಿಳಿಯ ತುಪ್ಪುಳ ಹೊರಟಿತು. ಮಾಳಿಗೆ ತುಂಬ ಹಾರಿತು, ಪಕ್ಕದ ಮನೆಯವರ ಹಪ್ಪಳದ ಮೇಲೆ ಇಳಿಯಿತು, ಕೊನೆಗೆ ಹೋಗಿ ಗಳದ ಮೇಲಿನ ಮಡಿ ಸೀರೆಯ ಉದ್ದಕ್ಕೂ ಮೆತ್ತಿಕೊಂಡಿತು.

ಸೀರೆ ತೆಗೆಯಲು ಬಂದ ಅತ್ತೆಯವರು ಕೋಲು ಹಿಡಿದು ಹಾಗೇ ನಿಂತರು.

"ಏನಿದು ಬಿಳೇದು? ಅರಳಿ ಏನು?"

"ಜಾಕೀಟಿನ ಒಳಗಿಂದು ಬಂದದರಿ, ಅತ್ಯಾ" ಎಂದೆ.

ಅಷ್ಟಕ್ಕೆ ಮುಗಿಯುತ್ತಿತ್ತೇನೋ. ಬಾಗಿಲಲ್ಲಿ ನಿಂತಿದ್ದ ಮೈಸೂರಿನ ಹುಡುಗಿ ಸತ್ಯಹರಿಶ್ಚಂದ್ರನ ಮೊಮ್ಮಗಳು. "ಅರಳೆ ಅಲ್ಲ ಅಜ್ಜಿ, ಬಾತುಕೋಳಿ ಪುಕ್ಕ. ಅದೇ ತುಂಬಾ ಬೆಚ್ಚಗಿರೋದು" ಎಂದು ವಿವರಣೆ ಸಮೇತ ಹೇಳಿಬಿಟ್ಟಳು.

"ಕೋಳಿ! ನನ್ನ ಮಡಿ ಸೀರಿ ಮ್ಯಾಲ ಕೋಳಿ! ಮನ್ಯಾಗ ಕೋಳಿ ತಂದಿಯಲ್ಲ, ನಿನಗ ತಲಿ ನೆಟ್ಟಗದನೋ ಇಲ್ಲೋ?"

ಅವತ್ತು ಮನೆಯಲ್ಲಿ ನಡೆದ ಸ್ನಾನಗಳನ್ನು ಎಣಿಸಲಾಗದು. ಮಾಳಿಗೆ ತೊಳೆದದ್ದಾಯಿತು, ಗಳ ತೊಳೆದದ್ದಾಯಿತು, ಅಡಿಗೆಮನೆಗೆ ಸಂಬಂಧವೇ ಇಲ್ಲದಿದ್ದರೂ ಅದನ್ನೂ ತೊಳೆದದ್ದಾಯಿತು. ಯಜಮಾನರು ಪೇಪರಿನ ಹಿಂದೆ ಮುಖ ಮರೆಸಿಕೊಂಡು ಕೂತಿದ್ದರು, ಪೇಪರು ಮಾತ್ರ ಗಡಗಡ ನಡುಗುತ್ತಿತ್ತು. ಅತ್ತೆಯವರು ನನ್ನೊಡನೆ ಮಾತು ಬಿಟ್ಟರು. ಜಾಕೆಟನ್ನು ವಾಪಸು ಕೊಡುವಾಗ ಅಂಗಡಿಯವನೂ ಏನೇನೋ ಅಂದ, ಅದು ಇಲ್ಲಿ ಬೇಡ. ಇನ್ನೊಂದು ಜಾಕೆಟ್ ಕೈಗೆ ತೆಗೆದುಕೊಂಡು ನಾನು ಕೇಳಿದ ಮೊದಲ ಪ್ರಶ್ನೆ, ಇದರೊಳಗೆ ಯಾವ ಪ್ರಾಣಿ ಇದೆ ಎಂಬುದು. ಪ್ರಾಣಿ ಇಲ್ಲ ಮೇಡಂ, ಬರೀ ಪಾಲಿಯೆಸ್ಟರ್ ಎಂದು ಅವನು ದೇವರಾಣೆ ಇಟ್ಟ. ಕೊಂಚ ಭಾರ, ಕೊಂಚ ದಪ್ಪ, ಬಣ್ಣವೂ ಮಂಕು. ಆದರೆ ನಿರ್ದೋಷಿ. ಅದನ್ನು ದುಡ್ಡು ಕೊಟ್ಟು ಸ್ವಂತಕ್ಕೇ ಕೊಂಡು ತಂದೆ.

ಹೊರಗಿನದಾಯಿತು, ಮೈಗೆ ಹತ್ತುವ ಬಟ್ಟೆಯ ಬಗ್ಗೆ ನಾನು ತಲೆಯನ್ನೇ ಕೆಡಿಸಿಕೊಂಡಿರಲಿಲ್ಲ. ಬಿಸಿಲೂರಿನವರಿಗೆ ಕಾಟನ್ ಎಂದರೆ ದೇವರಿಗಿಂತ ಹೆಚ್ಚು ನಂಬಿಕೆ. ಕೂಸು ಹುಟ್ಟಿದರೆ ಕಾಟನ್, ಬೆವರುಸಾಲೆ ಎದ್ದರೆ ಕಾಟನ್, ಬೇರೆ ಏನು ತೊಟ್ಟರೂ ಒಳಗೆ ಕಾಟನ್. ಮೆತ್ತನೆಯ ಕಾಟನ್ ಕುರ್ತಾ ಅರ್ಧ ಡಜನ್ ತೆಗೆದಿಟ್ಟಿದ್ದೆ. ಗುಂಪಿನವರು ಒಂದು ಭಾನುವಾರ ಅಭ್ಯಾಸಕ್ಕೆಂದು ಭುವನಗಿರಿಯ ಕೋಟೆಬಂಡೆ ಹತ್ತಲು ಹೊರಟರು. ನಮ್ಮ ಹುಡುಗಿಗೆ ಆಫೀಸಿನ ಕೆಲಸ ಬಂದು ಅವಳು ಬರಲಿಲ್ಲ, ನಾನೊಬ್ಬಳೇ ಹೋದೆ. ಬೂಟು ಬಂಡೆಯನ್ನು ಕಚ್ಚಿ ಹಿಡಿದವು. ನನ್ನ ಅರ್ಧ ವಯಸ್ಸಿನವರ ಬೆನ್ನಿಗೇ ಮೇಲೆ ಮುಟ್ಟಿದೆ, ಉಬ್ಬಿದೆ. ಕುರ್ತಾ ಹಿಂಡಿದರೆ ಒಂದು ಚೊಂಬು ಬೆವರು ಇಳಿಯುವ ಹಾಗಿತ್ತು. ಹಾಗೇ ಬಂದು ಏಸಿ ಬಸ್ಸಿನಲ್ಲಿ ಕೂತೆ.

ಬಸ್ಸು ಹೈದರಾಬಾದಿನ ದಾರಿ ಹಿಡಿಯುತ್ತಲೇ ನಡುಕ ಶುರುವಾಯಿತು. ಒದ್ದೆ ಕುರ್ತಾ ಬೆನ್ನಿಗೆ ಅಂಟಿಕೊಂಡಿತ್ತು, ಏಸಿಯ ಗಾಳಿ ನೇರ ಅದರ ಮೇಲೆ. ಹಲ್ಲಿಗೆ ಹಲ್ಲು ತಾಗಿತು. ಹೊರಗೆ ನಲವತ್ತು ಡಿಗ್ರಿ ಬಿಸಿಲು, ಒಳಗೆ ನಾನು ಪಕ್ಕದವರ ಟವೆಲು ಬೇಡಿ ಹೊದ್ದು ನಡುಗುತ್ತಿದ್ದೆ. ಬಸ್ಸಿನ ಗಾಳಿಗೇ ಹೀಗಾದರೆ ಹಿಮದ ಗಾಳಿಗೆ ಏನು ಗತಿ? ನನಗೆ ನಿಜವಾಗಿ ಭಯವಾದದ್ದು ಆವಾಗ. ಮುಂದಾಳು ನನ್ನನ್ನು ತಡೆದರೆ ಅದು ಅವನ ಹಟವಲ್ಲ, ನನ್ನ ಜೀವ ಉಳಿಸಲಿಕ್ಕೇ ಎಂದು ಅರ್ಥವಾಯಿತು.

ಮನೆಗೆ ಬಂದಾಗಲೂ ಬೆನ್ನು ತಣ್ಣಗಿತ್ತು. ಅತ್ತೆಯವರು ಪೂಜೆ ಮುಗಿಸಿ ಹೊರಗೆ ಬಂದರು. ಮಳೆಗಾಲಕ್ಕಿಂತ ಮುಂಚೆ ಬರುವ ಗಾಳಿಮಳೆ ಹಿಂದಿನ ಸಂಜೆ ಬಂದು ಅವರ ನೂಲಿನ ಸೀರೆ ಒಣಗಿರಲಿಲ್ಲ. ಅದಕ್ಕೆ ಧಾಬಳಿ ಉಟ್ಟಿದ್ದರು. ಧಾಬಳಿ ಎಂದರೆ ಮಡಿಗೆಂದೇ ಇಟ್ಟುಕೊಳ್ಳುವ ತೆಳು ಉಣ್ಣೆಯ ವಸ್ತ್ರ. ನೂಲಿನ ಹಾಗೆ ಅದನ್ನು ದಿನವೂ ಒಗೆಯಬೇಕಿಲ್ಲ, ಉಣ್ಣೆಗೂ ರೇಷ್ಮೆಗೂ ಮೈಲಿಗೆ ಕಡಿಮೆ. ಅವರ ಹತ್ತಿರ ಅಂಥವು ಎರಡಿದ್ದವು, ಬಜೆಯ ಬೇರು ಹಾಕಿ ಟ್ರಂಕಿನಲ್ಲಿಟ್ಟವು, ಅವರ ಅತ್ತೆಯ ಕಾಲದವು. ನನ್ನ ಅವಸ್ಥೆ ನೋಡಿ ಮಾತು ಬಿಟ್ಟಿದ್ದನ್ನೇ ಮರೆತರು. "ಹಸೇ ನೂಲಿನ ಅರಿವಿ ಮೈಗೆ ಹಚ್ಕೊಂಡು ಕೂತ್ರ ನಡಗಲಾರ್ದ ಏನು ಮಾಡ್ತಿ? ಮೊದ್ಲ ಅದನ್ನ ಬಿಚ್ಚಿ ಒಗಿ" ಎಂದು ಗದರಿದರು. ಸ್ನಾನ ಮಾಡಿದ ಕೂದಲಿನ ನೀರು ಇಳಿದು ಅವರ ಧಾಬಳಿಯ ಬೆನ್ನೂ ಒದ್ದೆಯಾಗಿತ್ತು. ಅವರು ಮಾತ್ರ ಫ್ಯಾನಿನ ಕೆಳಗೆ ಆರಾಮಾಗಿ ನಿಂತಿದ್ದರು. ನಾನು ಅದನ್ನೇ ನೋಡಿದೆ.

ಅಂಗಡಿಯಲ್ಲಿ ಉಣ್ಣೆಯ ಒಳಂಗಿ ಸಿಗುತ್ತದೆಯೇ ಎಂದು ಕೇಳಿದೆ. ನನ್ನ ಅಳತೆಯದು ಇರಲಿಲ್ಲ, ತರಿಸಲು ತಿಂಗಳಾಗುತ್ತದಂತೆ. ಸ್ವೆಟರು ಮಾರುವವರು ಈ ಊರಿಗೆ ಬರುವುದು ಚಳಿಗಾಲಕ್ಕೆ. ಹೊರಡುವ ದಿನ ಹತ್ತಿರ ಬರುತ್ತಿತ್ತು. ಕೊನೆಗೆ ಧೈರ್ಯ ಮಾಡಿ ಕೇಳಿದೆ.

"ಅತ್ಯಾ, ಎರಡರಾಗ ಒಂದು ಧಾಬಳಿ ನನಗ ಕೊಡ್ತೀರೇನ್ರಿ? ಅಂಗಿ ಹೊಲಕೋತೀನಿ."

ಅವರು ಕೈಯಲ್ಲಿದ್ದ ಹೂಬತ್ತಿ ಕೆಳಗಿಟ್ಟರು. "ಕತ್ರಿ ಹಾಕ್ತಿಯೇನು?"

"ಹೌದ್ರಿ."

"ಹೊಲದದ್ದು ಮಡಿಗೆ ಬರೂದಿಲ್ಲ. ಒಮ್ಮೆ ಕತ್ರಿ ಹಾಕಿದ್ರ ಅದು ಮತ್ತ ಧಾಬಳಿ ಆಗ್ತದೇನು? ಸಾಧ್ಯ ಇಲ್ಲ."

ಸಾಧ್ಯ ಇಲ್ಲ ಎಂದರೆ ನಮ್ಮ ಮನೆಯಲ್ಲಿ ಆ ಮಾತು ಅಲ್ಲಿಗೆ ಮುಗಿಯಿತು. ನನಗೆ ಸಿಟ್ಟು ಬಂತು, ಅಳುವೂ ಬಂತು. ಅವರ ತಪ್ಪೇನೂ ಇರಲಿಲ್ಲ, ಅದು ಇನ್ನೂ ಸಿಟ್ಟು ತರಿಸಿತು. ಈರುಳ್ಳಿ ಹೆಚ್ಚುವ ನೆವದಲ್ಲಿ ಅತ್ತು ಮುಗಿಸಿದೆ.

ಮೂರು ನಾಲ್ಕು ದಿನ ಕಳೆದ ಮೇಲೆ, ನಾನು ತೊಗರಿಬೇಳೆ ಆರಿಸುತ್ತ ಕೂತಿದ್ದಾಗ, ಅತ್ತೆಯವರು ಎದುರಿಗೆ ಬಂದು ಕೂತರು.

"ನಿಮ್ಮ ಮಾವನವರ ಜೋಡಿ ಬದರಿಗೆ ಹೋಗಿದ್ದೆ, ನೀ ಇನ್ನೂ ಈ ಮನಿಗೆ ಬಂದಿರಲಿಲ್ಲ. ದಾರ‍್ಯಾಗ ಬಸ್ಸು ನಿಂತಿತು. ಎಲ್ಲಾರೂ ಇಳದು ಹಿಮಾ ಹಿಡದು ಆಡ್ಲಿಕತ್ತಿದ್ರು, ಮುದುಕ್ಯಾರು ಸುದ್ದಾ. ನಾ ಇಳೀಲಿಲ್ಲ."

"ಯಾಕ್ರಿ?"

"ಮಡೀಲೇ ದರ್ಶನ ಮಾಡಬೇಕಂತ ಹಸೇ ನೂಲಿನ ಸೀರಿ ಉಟ್ಕೊಂಡು ಹತ್ತಿದ್ದೆ. ಹಲ್ಲು ಕಟಕಟ ಅನ್ಲಿಕತ್ತಿದ್ವು. ಇಳದ್ರ ಸತ್ತೇ ಹೋಗ್ತೀನಿ ಅನಸ್ತು. ಕಿಟಕ್ಯಾಗಿಂದ ನೋಡಿದೆ. ಭಾಳ ಬೆಳ್ಳಗಿತ್ತು."

"ಧಾಬಳಿ ಒಯ್ದಿರಲಿಲ್ಲೇನ್ರಿ?"

"ಪ್ರವಾಸದಾಗ ಹಾಳಾಗ್ತದಂತ ಮನ್ಯಾಗ ಬಿಟ್ಟು ಹೋಗಿದ್ದೆ" ಎಂದರು. ಎದ್ದು ಹೋಗಿ ಟ್ರಂಕು ತೆಗೆದು, ಕುಂಕುಮದ ಬಣ್ಣದ ಧಾಬಳಿ ತಂದು ನನ್ನ ಮಡಿಲಲ್ಲಿ, ಬೇಳೆಯ ಮೊರದ ಮೇಲೆಯೇ ಇಟ್ಟರು. "ತಗೋ. ನನ್ನ ಕಣ್ಣ ಮುಂದ ಮಾತ್ರ ಕತ್ತರಸಬ್ಯಾಡ."

ಅವರಿಗೆ ಅದು ಬಟ್ಟೆಯಲ್ಲ, ಅವರ ಅತ್ತೆ ಸಾಯುವ ಮೊದಲು ಕೈಗೆ ಕೊಟ್ಟುಹೋದದ್ದು. ಅವರು ದೇವಸ್ಥಾನಕ್ಕೆ ಹೋಗುವ ಹೊತ್ತು ನೋಡಿ ನೆಲದ ಮೇಲೆ ಹಾಸಿದೆ. ಕತ್ತರಿಯನ್ನು ಎರಡು ಸಲ ಎತ್ತಿ ಕೆಳಗಿಟ್ಟೆ. ಒಂದು ಅಂಚಿನಲ್ಲಿ ನುಸಿ ತಿಂದಿತ್ತು, ಆ ಕಡೆಯಿಂದ ಶುರುಮಾಡಿದೆ. ಆಮೇಲೆ ಧೈರ್ಯ ಬಂತು, ನಾಲ್ಕು ದಿನ ಸಂಜೆ ಮಷೀನಿನ ಮುಂದಿನಿಂದ ಏಳಲಿಲ್ಲ. ಚೀಲದ ಪಟ್ಟಿ ಉಜ್ಜಬಾರದೆಂದು ಹೆಗಲಿನ ಹೊಲಿಗೆಯನ್ನು ಹೊರಗೆ ತಿರುಗಿಸಿದೆ. ಬಗ್ಗಿದರೆ ಬೆನ್ನು ಕಾಣದಂತೆ ಹಿಂದೆ ಉದ್ದ ಬಿಟ್ಟೆ, ಕೈ ಎತ್ತಿದರೆ ಹಿಡಿಯದಂತೆ ಕಂಕುಳಲ್ಲಿ ಚೌಕದ ತುಂಡು ಕೊಟ್ಟೆ. ತೋಳು ಬೆರಳ ಬುಡದವರೆಗೆ, ಕತ್ತು ಮೇಲಿನವರೆಗೆ. ಎರಡು ಅಂಗಿಗಳಾದವು. ಅಂಗಡಿಯ ಯಾವ ಬಟ್ಟೆಯೂ ನನ್ನ ಮೈಗೆ ಅಷ್ಟು ಸರಿಯಾಗಿ ಕೂತದ್ದಿಲ್ಲ.

ಪರೀಕ್ಷೆ ಮಾಡಿಸಿದವರು ಅತ್ತೆಯವರೇ. ಅಂಗಿ ನೆನೆಸಿ, ಹಿಂಡಿ, ಮೈಗೆ ತೊಟ್ಟು ಕೂಲರಿನ ಮುಂದೆ ಕೂಡು ಎಂದರು. ನಮ್ಮ ಕೂಲರು ಆಳನ್ನು ಅಲುಗಿಸುವಂಥ ಗಾಳಿಯದು. ಕೂತೆ. ಮೊದಲಿಗೆ ಝಲ್ಲೆಂದಿತು, ಆಮೇಲೆ ಒಳಗೊಳಗೇ ಬೆಚ್ಚಗಾಗುತ್ತ ಬಂತು. ಅವರು ಎದುರಿಗೆ ಕುರ್ಚಿ ಹಾಕಿಕೊಂಡು ಪರೀಕ್ಷಕರ ಗತ್ತಿನಲ್ಲಿ ನನ್ನ ತುಟಿಯನ್ನೇ ನೋಡುತ್ತಿದ್ದರು. "ತುಟಿ ನಡಗವಲ್ವು" ಎಂದು ತೀರ್ಪು ಕೊಟ್ಟರು. ಹೊರಡುವ ದಿನ ಎರಡೂ ಅಂಗಿಗಳ ಕತ್ತಿನ ಹಿಂದೆ ಹೊಸ ಬಟ್ಟೆಗೆ ಹಚ್ಚುವ ಹಾಗೆ ಅರಿಶಿನ ಕುಂಕುಮ ಹಚ್ಚಿದರು.

ಬೆಟ್ಟದ ಬುಡದ ಹಳ್ಳಿಯಲ್ಲಿ ಮುಂದಾಳು ಸಾಲಾಗಿ ಚೀಲ ಬಿಚ್ಚಿಸಿದ. ಬೂಟಿನ ಅಟ್ಟೆ ತಿರುಗಿಸಿ ನೋಡಿದ, ಸರಿ ಎಂದ. ಜಾಕೆಟು ಕಿವುಚಿ ನೋಡಿದ, ಸರಿ ಎಂದ. ಮಳೆಕೋಟು ಸರಿ. ಆಮೇಲೆ ಕುಂಕುಮದ ಬಣ್ಣದ ಅಂಗಿ ಎತ್ತಿ ಹಿಡಿದ. "ಆಂಟಿಜೀ, ಯೇ ಕ್ಯಾ ಹೈ? ಔರ್ ಯೇ ಖೂನ್?" ರಕ್ತವಲ್ಲ ಕುಂಕುಮ, ಮನೆಯಲ್ಲಿ ಹೊಲಿದದ್ದು, ಅಪ್ಪಟ ಉಣ್ಣೆ ಎಂದು ನನ್ನ ಹೈದರಾಬಾದಿ ಹಿಂದಿಯಲ್ಲಿ ಹೇಳಿದೆ. ಅವನು ನಂಬಲಿಲ್ಲ. ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿ ಸುಟ್ಟು ಮೂಸಿದ. ಕೂದಲು ಸುಟ್ಟ ವಾಸನೆ ಬಂತು. ಹೊರಗೆ ತಿರುಗಿಸಿದ ಹೊಲಿಗೆಯ ಮೇಲೆ ಬೆರಳಾಡಿಸಿದ, ಕಂಕುಳ ತುಂಡನ್ನು ಎಳೆದು ನೋಡಿದ. "ಕಿಸ್‌ನೇ ಬನಾಯಾ?" ಯಾರು ಮಾಡಿದ್ದು ಎಂದರೆ, ನಾನೇ ಎಂದೆ. "ಚಲೋ, ಆಂಟಿಜೀ ಪಾಸ್" ಎಂದ. ನಾನು ಅಲ್ಲಿ ಕುಣಿಯಲಿಲ್ಲ, ಅದು ಬೂಟಿನ ಭಾರಕ್ಕೆ.

ಸಿಕ್ಕಿಬಿದ್ದವಳು ನಮ್ಮ ಮೈಸೂರಿನ ಹುಡುಗಿ. ಅವಳ ಜಾಕೆಟು, ಬೂಟು, ಕೈಗೋಲು, ಕನ್ನಡಕ ಎಲ್ಲ ಸಾವಿರಾರು ರೂಪಾಯಿಯವು. ಒಳಗೆ ತೊಡಲು ಮಾತ್ರ ಕಂಪನಿಯವರು ಪುಕ್ಕಟೆ ಹಂಚಿದ ಕಾಟನ್ ಟೀ ಶರ್ಟುಗಳು, ಒಂದರ ಮೇಲೊಂದು. ಐಟಿಯವರು ಎಷ್ಟೇ ಸಂಬಳ ಎಣಿಸಿದರೂ ಪುಕ್ಕಟೆ ಟೀ ಶರ್ಟಿನ ಮೋಹ ಬಿಡುವವರಲ್ಲ. ಹಿಂದಿನ ವರ್ಷದ್ದು ಕೆಳಗಿನ ದಾರಿ, ಒಣ ಹವೆ, ನಡೆದುಹೋಯಿತು. ಈ ಸಲ ಮುಂದಾಳು ತಲೆ ಅಡ್ಡ ಆಡಿಸಿದ. ಅವಳ ಕಣ್ಣಲ್ಲಿ ನೀರು ತುಂಬಿತು. "ಆಂಟಿ, ನಾನು ಇಲ್ಲೇ ಇರ್ತೀನಿ, ನೀವು ಹೋಗ್ಬನ್ನಿ" ಎಂದಳು. ನನ್ನ ಎರಡನೆಯ ಅಂಗಿ ತೆಗೆದು ಅವಳ ಕೈಗಿಟ್ಟೆ. ಒಂದೇ ಅಂಗಿಯಲ್ಲಿ ಅಷ್ಟು ದಿನ ಹೇಗೆ ಎಂದು ಅವಳು ಕೇಳಿದಾಗ, ಉಣ್ಣೆ ಬೇಗ ನಾರುವುದಿಲ್ಲ, ಮಡಿಯವರನ್ನು ಕೇಳು ಎಂದೆ. ಮುಂದಾಳು ಅವಳನ್ನೂ ಪಾಸು ಮಾಡಿದ. ಬೆನ್ನಿನ ಕಡೆ ಅವಳಿಗೆ ಅದು ಮೊಣಕಾಲಿನವರೆಗೆ ಬರುತ್ತಿತ್ತು, ಆದರೂ ನಗುವ ಧೈರ್ಯ ಯಾರಿಗೂ ಬರಲಿಲ್ಲ.

ಘಾಟಿ ದಾಟುವ ದಿನ ಅರ್ಧ ದಾರಿಗೆ ಹಿಮದ ಜೊತೆ ಮಳೆ ಬೆರೆತು ಬಂತು. ಮಳೆಕೋಟಿನ ಕತ್ತಿನಿಂದ ಇಳಿದ ಮಳೆ, ಒಳಗಿನಿಂದ ಬೆವರು, ಅಂಗಿ ಚೆನ್ನಾಗಿ ತೊಯ್ದಿತು. ಏರು ಕಡಿದಾದ ಕಡೆ ಎಲ್ಲರೂ ನಿಂತರು. ನಿಂತದ್ದೇ ಗಾಳಿ ಬಂತು. ನಾನು ಕಣ್ಣು ಮುಚ್ಚಿ ಬಸ್ಸಿನ ಆ ನಡುಕಕ್ಕಾಗಿ ಕಾದೆ. ಈಗ ಬಂದೀತು, ಇನ್ನೇನು ಬಂದೀತು ಎಂದು ಹಲ್ಲು ಕಚ್ಚಿ ನಿಂತೆ. ಬರಲಿಲ್ಲ. ಬೆನ್ನು ಒದ್ದೆಯಾಗಿತ್ತು, ಬೆಚ್ಚಗೂ ಇತ್ತು. ಕತ್ತಿನ ಹತ್ತಿರ ಬಜೆಯ ವಾಸನೆ, ನಮ್ಮ ದೇವರ ಮನೆಯ ಊದುಬತ್ತಿಯ ವಾಸನೆ ಬರುತ್ತಿತ್ತು. ಆಮೇಲೆ ನನಗೆ ಹೆದರಿಕೆ ಇರಲಿಲ್ಲ. ಮೊಣಕಾಲು ನೋಯುತ್ತಿತ್ತು, ನೋಯಲಿ ಎಂದೆ. ಉಸಿರು ಸಾಲುತ್ತಿರಲಿಲ್ಲ, ನಿಂತು ನಿಂತು ಎಳೆದುಕೊಂಡೆ. ಮುಂದೆ ನೆಲ ಏರುವುದು ನಿಂತುಹೋಗಿ ಆಚೆ ಕಡೆಯ ಬೆಟ್ಟಗಳೆಲ್ಲ ಒಮ್ಮೆಗೇ ಕಂಡವು. ನಾನು ಘಾಟಿಯ ಮೇಲಿದ್ದೆ.

"ಚೀಲಾ ಕಾಯಾಕಿ ಬಂದಾಳ ನೋಡ್ರೋ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಗುಂಪಿನಲ್ಲಿ ಅದು ಅರ್ಥವಾದದ್ದು ಒಬ್ಬಳಿಗೇ, ಅವಳು ನನ್ನನ್ನು ತಬ್ಬಿಕೊಂಡು ನನಗಿಂತ ಜೋರಾಗಿ ಕೂಗಿದಳು. ನಮ್ಮಿಬ್ಬರ ಜಾಕೆಟಿನ ತೋಳಿನಿಂದ ಇಣುಕುತ್ತಿದ್ದ ಕುಂಕುಮದ ಬಣ್ಣ ಅಷ್ಟು ಬಿಳುಪಿನ ನಡುವೆ ಎದ್ದು ಕಾಣುತ್ತಿತ್ತು. ಕೈಗವಸು ತೆಗೆದು ಬರಿಗೈಯಲ್ಲಿ ಹಿಮ ಮುಟ್ಟಿದೆ. ಒಂದು ಹಿಡಿ ನನಗೆ. ಇನ್ನೊಂದು ಹಿಡಿ ಎತ್ತಿ ಅಂಗಿಯ ತೋಳಿಗೆ ಉಜ್ಜಿದೆ, ಅದು ಅತ್ತೆಯವರ ಪಾಲು.

ಮನೆ ಮುಟ್ಟಿದಾಗ ಹೈದರಾಬಾದಿನಲ್ಲಿ ಮಳೆ ಹಿಡಿದಿತ್ತು. ಯಜಮಾನರು ಸ್ಟೇಷನ್ನಿಗೆ ಬಂದು ನನ್ನ ಚೀಲವನ್ನು ತಾವೇ ಹೊತ್ತರು. ಆಟೊ ಸಿಗುವ ತನಕ ಅದರ ಪಕ್ಕದಲ್ಲೇ ಕಾಯುತ್ತ ನಿಂತರು. ನಾನು ಆ ಕಡೆ ಈ ಕಡೆ ಅಡ್ಡಾಡಿ ಊರು ನೋಡಿದೆ.

ಅತ್ತೆಯವರಿಗೆ ಫೋಟೊ ಬೇಕಿರಲಿಲ್ಲ. "ಅಂಗಿ ತೋರ್ಸು" ಎಂದರು. ಒಗೆಯದ, ಮಣ್ಣು ಹತ್ತಿದ ಅಂಗಿಯನ್ನು ಕೈಯಲ್ಲಿ ಹಿಡಿದು ತೋಳು ನೋಡಿದರು, ಬೆನ್ನು ನೋಡಿದರು. ಕುಂಕುಮ ಇನ್ನೂ ಮಸುಕಾಗಿ ಉಳಿದಿತ್ತು.

"ಹಿಮದಾಗ ತೊಯ್ದಿತ್ತೇನು?"

"ಪೂರಾ ತೊಯ್ದಿತ್ರಿ, ಅತ್ಯಾ."

"ಥಂಡಿ ಹತ್ತಿತೇನು?"

"ಇಲ್ರಿ."

ಅವರು ಅಂಗಿಯನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡರು. ಕಿಟಕಿಯ ಆಚೆ ಮಳೆ ಸುರಿಯುತ್ತಿತ್ತು. "ಹಂಗಾರ ನಾ ಅವತ್ತ ಇಳೀಬಹುದಾಗಿತ್ತು" ಎಂದರು.

ಅವರು ಎದ್ದು ಒಳಗೆ ಹೋದರು. ಟ್ರಂಕು ತೆಗೆದ ಸದ್ದಾಯಿತು. ಉಳಿದ ಇನ್ನೊಂದು ಧಾಬಳಿಯನ್ನು, ಅದರ ಮೇಲೆ ನನ್ನ ಕತ್ತರಿಯನ್ನು ಇಟ್ಟುಕೊಂಡು ಬಂದು ನನ್ನ ಮುಂದೆ ನಿಂತರು.

"ಮಡಿಗೆ ರೇಷ್ಮಿ ಅದ, ನಡೀತದ. ದೀಪಾವಳಿ ಆದ ಮ್ಯಾಲ ಬದರಿ ಬಾಗಲಾ ಹಾಕ್ತಾರಂತ, ಅದಕ್ಕ ಮೊದ್ಲ ಹೋಗಬೇಕು. ನನ್ನ ಅಳತಿ ತಗೋ."

ಯಜಮಾನರು ಬಾಯಿ ಬಿಟ್ಟರು. "ಅವ್ವಾ, ನಿನಗ ಎಂಬತ್ತು ದಾಟ್ಯಾವ."

"ಅದಕ್ಕೇ ಲಗೂ ಹೊಲಿ ಅಂತ ಹೇಳ್ಲಿಕತ್ತೀನಿ" ಎಂದು ಅತ್ತೆಯವರು ಎರಡೂ ಕೈ ಅಗಲಿಸಿ ನಿಂತರು. ನಾನು ಟೇಪು ಹುಡುಕಲು ಓಡಿದೆ.